ಲೈಟ್ ಹತ್ತವಲ್ದ್ರೀ: ಕ್ಯಾಮೆರಾ ಆ್ಯಪ್ ಕಟ್ಟುವವರಿಗೆ ಫ್ಲ್ಯಾಶ್ ಸೂತ್ರಗಳು

ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂಥ ಊರಿನಲ್ಲಿ ಮೊಬೈಲ್ ಕ್ಯಾಮೆರಾ ಈಗ ಮದುವೆ, ಜಾತ್ರೆಯ ನೆನಪಿಗಷ್ಟೇ ಇರುವ ವಸ್ತುವಲ್ಲ. 2020ರ ಮುಂಗಾರಿನಿಂದ ರೈತರೇ ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ಬೆಳೆ ಸಮೀಕ್ಷೆ ಆ್ಯಪ್‌ಗೆ ಏರಿಸುವ ಪದ್ಧತಿ ಬಂತು. ಉದ್ಯೋಗ ಖಾತ್ರಿ ಕೆಲಸದ ಹಾಜರಿಗೆ 2021ರಲ್ಲಿ ಎನ್‌ಎಂಎಂಎಸ್ ಆ್ಯಪ್ ಬಂದು, 2023ರ ಜನವರಿಯಿಂದ ದಿನಕ್ಕೆರಡು ಸಲ ಕೂಲಿಕಾರರ ಫೋಟೊ ಏರಿಸುವುದು ಕಡ್ಡಾಯವಾಯಿತು. ಪಿಂಚಣಿದಾರರು ಜೀವನ ಪ್ರಮಾಣಪತ್ರಕ್ಕೆ ಮುಖ ತೋರಿಸುವುದೂ ಫೋನಿಗೇ. ಕ್ಯಾಮೆರಾ ಕೈಕೊಟ್ಟರೆ ಪರಿಹಾರ, ಕೂಲಿ, ಪಿಂಚಣಿ ಎಲ್ಲಕ್ಕೂ ತೊಡಕು.

ಗದಗ, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಓದಿದ ನಮ್ಮ ಭಾಗದ ಹುಡುಗರು, ಹುಡುಗಿಯರು ಈಗ ತಾವೇ ಸಣ್ಣ ಆ್ಯಪ್‌ಗಳನ್ನು ಬರೆಯುತ್ತಿದ್ದಾರೆ. ಗೊಬ್ಬರದ ಅಂಗಡಿಯ ದಾಸ್ತಾನು, ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ, ಮೆಣಸಿನ ಗಿಡದ ರೋಗ ಗುರುತಿಸುವುದು, ಹೀಗೆ. ಇವುಗಳಲ್ಲಿ ಬಹಳಷ್ಟಕ್ಕೆ ಫೋಟೊ ಬೇಕು, ಫೋಟೊಕ್ಕೆ ಬೆಳಕು ಬೇಕು. ಆಗ ಬರುವ ದೂರು ಒಂದೇ: "ಲೈಟ್ ಹತ್ತವಲ್ದ್ರೀ." ಈ ದೂರಿನಲ್ಲಿ ಫ್ಲ್ಯಾಶ್ ನಿಜವಾಗಿ ಕೆಟ್ಟಿರುವುದು ಅಪರೂಪ. ಫೋನನ್ನು ಕೇಳಬೇಕಾದುದನ್ನು ಕೇಳದೆ, ಕಾಯಬೇಕಾದಲ್ಲಿ ಕಾಯದೆ, ಬಿಟ್ಟುಕೊಡಬೇಕಾದುದನ್ನು ಬಿಟ್ಟುಕೊಡದೆ ಬರೆದ ಕೋಡೇ ಹೆಚ್ಚಿನ ಸಲ ಕಾರಣ. ಆ ದೃಷ್ಟಿಯಿಂದ ಈ ಸೂತ್ರಗಳು.

1. ದೂರನ್ನು ಬಿಡಿಸಿ ಕೇಳಿ

"ಲೈಟ್ ಹತ್ತವಲ್ದು" ಎಂಬ ಒಂದು ಮಾತಿನೊಳಗೆ ಐದು ಬೇರೆ ಬೇರೆ ದೋಷಗಳು ಅಡಗಿರಬಹುದು. ಬೆಳಕು ಬರುವುದೇ ಇಲ್ಲ. ಬೆಳಕು ಬರುತ್ತದೆ, ಫೋಟೊ ಮಾತ್ರ ಕಪ್ಪು. ಬೆಳಕು ಹತ್ತಿದ್ದು ಆರುವುದಿಲ್ಲ. ಫೋಟೊ ಪೂರ್ತಿ ಬೆಳ್ಳಗಾಗುತ್ತದೆ. ಬಟನ್ ಒತ್ತಿದೊಡನೆ ಆ್ಯಪ್ ಮುಚ್ಚಿಹೋಗುತ್ತದೆ. ಐದಕ್ಕೂ ಕಾರಣ ಬೇರೆ, ಮದ್ದು ಬೇರೆ. ಕೋಡ್ ತೆರೆಯುವ ಮುಂಚೆ ಇದರಲ್ಲಿ ಯಾವುದು ಎಂದು ಖಚಿತ ಮಾಡಿಕೊಳ್ಳಿ. ಜೊತೆಗೆ ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಬ್ಯಾಟರಿ ಎಷ್ಟಿತ್ತು, ಹಿಂದೆ ಕವರ್ ಇತ್ತೇ ಎಂದು ಕೇಳಿ. ಕೊನೆಯದಾಗಿ, ಫೋನಿನ ಜೊತೆಗೇ ಬಂದ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹತ್ತುತ್ತದೆಯೇ ನೋಡಲು ಹೇಳಿ. ಅಲ್ಲಿಯೂ ಹತ್ತದಿದ್ದರೆ ನಿಮ್ಮ ಕೋಡ್ ಹುಡುಕುವುದು ವ್ಯರ್ಥ.

2. ಫ್ಲ್ಯಾಶ್ ಇದೆಯೇ ಎಂದು ಫೋನನ್ನೇ ಕೇಳಿ

ಎಲ್ಲ ಫೋನಿನಲ್ಲೂ ಇರುತ್ತದೆ ಎಂದು ಊಹಿಸಬೇಡಿ. ಆಂಡ್ರಾಯ್ಡ್‌ನಲ್ಲಿ 'ಫೀಚರ್ ಕ್ಯಾಮೆರಾ ಫ್ಲ್ಯಾಶ್' ಇದೆಯೇ ಎಂದು ಪ್ಯಾಕೇಜ್ ಮ್ಯಾನೇಜರ್ ಹೇಳುತ್ತದೆ. ಅಷ್ಟು ಸಾಲದು. ಒಂದು ಫೋನಿನಲ್ಲಿ ಮೂರು ನಾಲ್ಕು ಕ್ಯಾಮೆರಾ ಇರುವ ಕಾಲವಿದು. ಮುಂದಿನ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಫ್ಲ್ಯಾಶ್ ಇರುವುದಿಲ್ಲ. ಮ್ಯಾಕ್ರೊ, ಅಲ್ಟ್ರಾವೈಡ್ ಕ್ಯಾಮೆರಾಗಳು ತಮಗೆ ಫ್ಲ್ಯಾಶ್ ಇಲ್ಲವೆಂದು ಹೇಳಬಹುದು. ಆದ್ದರಿಂದ ಕೋಡಿನಲ್ಲಿ ಕ್ಯಾಮೆರಾ '0' ಎಂದು ಗಟ್ಟಿಯಾಗಿ ಬರೆದಿಡದೆ, ಪಟ್ಟಿಯಲ್ಲಿರುವ ಪ್ರತಿಯೊಂದು ಕ್ಯಾಮೆರಾಕ್ಕೂ 'ಫ್ಲ್ಯಾಶ್ ಇನ್ಫೊ ಅವೈಲಬಲ್' ಏನು ಹೇಳುತ್ತದೆ ನೋಡಿ. ಕ್ಯಾಮೆರಾಎಕ್ಸ್ ಲೈಬ್ರರಿ ಬಳಸಿದರೆ 'ಹ್ಯಾಸ್ ಫ್ಲ್ಯಾಶ್ ಯುನಿಟ್' ಎಂದು ಕೇಳಿದರಾಯಿತು. ಇಲ್ಲವೆಂದು ಉತ್ತರ ಬಂದರೆ ಫ್ಲ್ಯಾಶ್ ಬಟನ್ನನ್ನು ತೋರಿಸಲೇಬೇಡಿ.

ಮ್ಯಾನಿಫೆಸ್ಟ್‌ನಲ್ಲಿ ಫ್ಲ್ಯಾಶ್ ಕಡ್ಡಾಯ ಎಂದು ಬರೆದಿದ್ದರೆ ಫ್ಲ್ಯಾಶ್ ಇಲ್ಲದ ಫೋನುಗಳಿಗೆ ಪ್ಲೇ ಸ್ಟೋರ್ ನಿಮ್ಮ ಆ್ಯಪ್ ಅನ್ನು ತೋರಿಸುವುದೇ ಇಲ್ಲ. 'ರಿಕ್ವೈರ್ಡ್' ಎಂಬಲ್ಲಿ 'ಫಾಲ್ಸ್' ಎಂದು ಬರೆಯಿರಿ. ಅಗ್ಗದ ಟ್ಯಾಬ್ ಹಿಡಿದು ಕೆಲಸ ಮಾಡುವವರನ್ನು ಬಾಗಿಲಲ್ಲೇ ತಡೆಯಬಾರದು.

3. ಅನುಮತಿಯ ಗಂಟು ಬಿಡಿಸಿ

ಆಂಡ್ರಾಯ್ಡ್ 6ರಿಂದ ಅನುಮತಿಯನ್ನು ಬಳಕೆದಾರರ ಎದುರಿಗೇ ಕೇಳಬೇಕು. ಫೋಟೊಕ್ಕೆ ಕ್ಯಾಮೆರಾ ಅನುಮತಿ ಬೇಕೇ ಬೇಕು. ಬರಿಯ ಟಾರ್ಚ್ ಹಚ್ಚಲು ಅದೇ ಆವೃತ್ತಿಯಲ್ಲಿ ಬಂದ 'ಸೆಟ್ ಟಾರ್ಚ್ ಮೋಡ್'ಗೆ ಆ ಅನುಮತಿ ಬೇಕಿಲ್ಲ. ಆಂಡ್ರಾಯ್ಡ್ 11ರಿಂದ 'ಈ ಬಾರಿ ಮಾತ್ರ' ಎಂಬ ಆಯ್ಕೆಯಿದೆ. ನಿನ್ನೆ ನಡೆದ ಆ್ಯಪ್ ಇಂದು ನಡೆಯದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅದೇ ಆವೃತ್ತಿಯಿಂದ ಎರಡು ಸಲ 'ಬೇಡ' ಎಂದವರಿಗೆ ಮತ್ತೆ ಆ ಪೆಟ್ಟಿಗೆ ಕಾಣಿಸುವುದಿಲ್ಲ. ಅವರನ್ನು ಸೆಟ್ಟಿಂಗ್ಸ್‌ಗೆ ಕರೆದೊಯ್ಯುವ ಬಟನ್ ನೀವೇ ಇಡಬೇಕು. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಹಲವು ಫೋನುಗಳಲ್ಲಿ ಮೇಲಿನಿಂದ ಎಳೆಯುವ ಪರದೆಯಲ್ಲೇ ಕ್ಯಾಮೆರಾವನ್ನು ಪೂರ್ತಿ ಬಂದ್ ಮಾಡುವ ಗುಂಡಿಯಿದೆ. ಅದನ್ನು ಒತ್ತಿದ್ದರೆ ಅನುಮತಿ ಇದ್ದೂ ಚಿತ್ರ ಕಪ್ಪಾಗಿಯೇ ಬರುತ್ತದೆ.

ಐಫೋನಿನಲ್ಲಿ ಕ್ಯಾಮೆರಾ ಏಕೆ ಬೇಕು ಎಂಬ ಸಾಲನ್ನು 'ಇನ್ಫೊ ಪಿಲಿಸ್ಟ್'ನಲ್ಲಿ ಬರೆಯದಿದ್ದರೆ ಆ್ಯಪ್ ನೇರವಾಗಿ ಮುಚ್ಚಿಬೀಳುತ್ತದೆ. ಆ ಸಾಲನ್ನು ಕನ್ನಡದಲ್ಲಿ, ನಿಜವಾದ ಕಾರಣ ಹೇಳಿ ಬರೆಯಿರಿ: "ಲೆಕ್ಕದ ಪುಸ್ತಕದ ಪುಟ ತೆಗೆಯಲು ಕ್ಯಾಮೆರಾ ಬೇಕು." ಓದಿ ಅರ್ಥವಾದವರು ಒಪ್ಪುತ್ತಾರೆ.

4. ಕ್ಯಾಮೆರಾ ಈಗ ಯಾರ ಕೈಯಲ್ಲಿದೆ?

ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲಿ. ಫ್ಲ್ಯಾಶ್ ಎಂಬುದು ಫೋನಿನ ಬೆನ್ನಿನ ಮೇಲಿರುವ ಸ್ವತಂತ್ರ ದೀಪವಲ್ಲ, ಕ್ಯಾಮೆರಾದ ಅಂಗ. ಕ್ಯಾಮೆರಾ ಯಾರ ವಶದಲ್ಲಿದೆಯೋ ಫ್ಲ್ಯಾಶ್ ಅವರದೇ.

ನಿಮ್ಮ ಆ್ಯಪ್ ಪ್ರಿವ್ಯೂ ತೆರೆದುಕೊಂಡು ಕೂತಿರುವಾಗ 'ಸೆಟ್ ಟಾರ್ಚ್ ಮೋಡ್' ಕರೆದರೆ 'ಕ್ಯಾಮೆರಾ ಇನ್ ಯೂಸ್' ಎಂಬ ದೋಷ ಎದ್ದು ಬರುತ್ತದೆ. ಆ ದೋಷವನ್ನು ಹಿಡಿಯದಿದ್ದರೆ ಆ್ಯಪ್ ಬಿದ್ದುಹೋಗುತ್ತದೆ. ಪ್ರಿವ್ಯೂ ನಡೆಯುತ್ತಿರುವಾಗ ಬೆಳಕು ಬೇಕಿದ್ದರೆ ಆ ಪ್ರಿವ್ಯೂನ ಕೋರಿಕೆಯೊಳಗೇ ಟಾರ್ಚ್ ಕೇಳಬೇಕು. ಕ್ಯಾಮೆರಾಎಕ್ಸ್‌ನಲ್ಲಿ ಅದು 'ಎನೇಬಲ್ ಟಾರ್ಚ್'. ಪ್ರಿವ್ಯೂ ಇಲ್ಲದಾಗ ಮಾತ್ರ 'ಸೆಟ್ ಟಾರ್ಚ್ ಮೋಡ್'. ಎರಡನ್ನೂ ಒಂದೇ ಪರದೆಯಲ್ಲಿ ಬೆರೆಸಿದ ಕೋಡ್ ಒಂದು ಫೋನಿನಲ್ಲಿ ನಡೆದಂತೆ ಕಂಡರೂ ಇನ್ನೊಂದರಲ್ಲಿ ಕೈಕೊಡುತ್ತದೆ.

ಬೇರೊಂದು ಆ್ಯಪ್ ಕ್ಯಾಮೆರಾ ತೆರೆದರೆ ನೀವು ಹಚ್ಚಿದ ಟಾರ್ಚ್ ಆರಬಹುದು. ವಾಟ್ಸ್‌ಆ್ಯಪ್ ವಿಡಿಯೊ ಕರೆ ಬಂದರೆ ಸಾಕು. ಬಟನ್ ಮಾತ್ರ 'ಆನ್' ಎಂದೇ ತೋರಿಸುತ್ತಿರುತ್ತದೆ, ಬಳಕೆದಾರರು ಅದನ್ನೇ ಒತ್ತುತ್ತಿರುತ್ತಾರೆ. ಹಾಗಾಗಿ ಬಟನ್ನಿನ ಸ್ಥಿತಿಯನ್ನು ನಿಮ್ಮ ವೇರಿಯಬಲ್‌ನಿಂದ ಓದಬೇಡಿ. 'ಟಾರ್ಚ್ ಕಾಲ್‌ಬ್ಯಾಕ್' ಅಥವಾ ಕ್ಯಾಮೆರಾಎಕ್ಸ್‌ನ 'ಟಾರ್ಚ್ ಸ್ಟೇಟ್' ಏನು ಹೇಳುತ್ತದೋ ಅದನ್ನೇ ತೋರಿಸಿ.

ಬೆಳಕು ಆರುವುದಿಲ್ಲ ಎಂಬ ದೂರಿನ ಬೇರೂ ಇಲ್ಲೇ ಇದೆ. ಟಾರ್ಚ್ ಹಚ್ಚಿದ ಆ್ಯಪ್ ಪೂರ್ತಿ ಸತ್ತರೆ ಆಂಡ್ರಾಯ್ಡ್ ತಾನೇ ಅದನ್ನು ಆರಿಸುತ್ತದೆ. ಆದರೆ ಹೋಮ್ ಬಟನ್ ಒತ್ತಿದ ಮಾತ್ರಕ್ಕೆ ಆ್ಯಪ್ ಸಾಯುವುದಿಲ್ಲ. ಹಿನ್ನೆಲೆಯಲ್ಲಿ ಜೀವ ಹಿಡಿದುಕೊಂಡೇ ಇರುತ್ತದೆ, ದೀಪವೂ ಉರಿಯುತ್ತಿರುತ್ತದೆ. 'ಆನ್ ಸ್ಟಾಪ್'ನಲ್ಲಿ ಆರಿಸಿ, ಕ್ಯಾಮೆರಾ ಬಿಟ್ಟುಕೊಡಿ. 'ಆನ್ ಡಿಸ್ಕನೆಕ್ಟೆಡ್' ಬಂದಾಗ ತಪ್ಪದೆ 'ಕ್ಲೋಸ್' ಕರೆಯಿರಿ. ಆಂಡ್ರಾಯ್ಡ್ 9ರಿಂದ ಹಿನ್ನೆಲೆಯ ಆ್ಯಪ್‌ಗಳಿಗೆ ಕ್ಯಾಮೆರಾ ಸಿಗುವುದೂ ಇಲ್ಲ, ಹಿಡಿದುಕೊಂಡು ಕೂತರೆ ಲಾಭವೇನೂ ಇಲ್ಲ. ಕ್ಯಾಮೆರಾಎಕ್ಸ್‌ನ 'ಬೈಂಡ್ ಟು ಲೈಫ್‌ಸೈಕಲ್' ಈ ಕೆಲಸವನ್ನು ತಾನೇ ಮಾಡುತ್ತದೆ. ಫ್ಲಟರ್‌ನ ಕ್ಯಾಮೆರಾ ಪ್ಲಗಿನ್ ಮಾಡುವುದಿಲ್ಲ. ಅಲ್ಲಿ ಆ್ಯಪ್ ಹಿನ್ನೆಲೆಗೆ ಹೋದಾಗ ಕಂಟ್ರೋಲರ್ ಮುಚ್ಚುವುದು, ಮರಳಿದಾಗ ತೆರೆಯುವುದು ನಿಮ್ಮದೇ ಹೊಣೆ.

5. ಟಾರ್ಚ್ ಬೇರೆ, ಫ್ಲ್ಯಾಶ್ ಬೇರೆ

ಎರಡಕ್ಕೂ ಎಲ್‌ಇಡಿ ಒಂದೇ. ಟಾರ್ಚ್ ಕಡಿಮೆ ವಿದ್ಯುತ್ತಿನಲ್ಲಿ ನಿರಂತರ ಉರಿಯುತ್ತದೆ. ಫ್ಲ್ಯಾಶ್ ಕ್ಷಣಕಾಲ ಹೆಚ್ಚು ವಿದ್ಯುತ್ ಎಳೆದು ಮಿಂಚುತ್ತದೆ. ಆಂಡ್ರಾಯ್ಡ್‌ನ ಕ್ಯಾಮೆರಾ2 ಎಪಿಐನಲ್ಲಿ 'ಫ್ಲ್ಯಾಶ್ ಮೋಡ್' ಎಂದು ನೀವು ಬರೆದದ್ದಕ್ಕೆ ಬೆಲೆಯಿರುವುದು ಎಕ್ಸ್‌ಪೋಶರ್ ಮೋಡ್ ಬರಿಯ 'ಆನ್' ಅಥವಾ 'ಆಫ್' ಇದ್ದಾಗ ಮಾತ್ರ. ಎಕ್ಸ್‌ಪೋಶರ್ ಮೋಡ್ 'ಆನ್ ಆಟೊ ಫ್ಲ್ಯಾಶ್' ಇದ್ದರೆ ಫ್ಲ್ಯಾಶ್ ಪೂರ್ತಿ ಅದರ ಹಿಡಿತಕ್ಕೆ ಹೋಗುತ್ತದೆ, ನೀವು ಟಾರ್ಚ್ ಎಂದು ಎಷ್ಟು ಬರೆದರೂ ಫೋನು ಕಿವಿಗೊಡುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ. ಈ ಒಂದು ಸಂಗತಿ ತಿಳಿಯದೆ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಕ್ಯಾಮೆರಾಎಕ್ಸ್‌ನಲ್ಲಿ ಇದರ ಇನ್ನೊಂದು ರೂಪವಿದೆ: ಟಾರ್ಚ್ ಹತ್ತಿದ್ದರೆ ಫೋಟೊದ ಫ್ಲ್ಯಾಶ್ ಮೋಡ್‌ಗೆ ಕೆಲಸವಿಲ್ಲ.

ಐಫೋನಿನಲ್ಲಿ ಫ್ಲ್ಯಾಶ್ ಪ್ರತಿ ಫೋಟೊದ ಸೆಟ್ಟಿಂಗ್‌ಗೆ ಸೇರಿದ್ದು. ಒಮ್ಮೆ ಬಳಸಿದ ಸೆಟ್ಟಿಂಗ್ ವಸ್ತುವನ್ನು ಮತ್ತೆ ಬಳಸುವಂತಿಲ್ಲ, ಪ್ರತಿ ಸಲ ಹೊಸದು ಮಾಡಿ. ಟಾರ್ಚ್ ಮಾತ್ರ ಸಾಧನಕ್ಕೆ ಸೇರಿದ್ದು. 'ಲಾಕ್ ಫಾರ್ ಕಾನ್ಫಿಗರೇಶನ್' ಪಡೆದ ಮೇಲೇ ಅದನ್ನು ಮುಟ್ಟಬೇಕು.

6. ಮಿಂಚಿತು, ಫೋಟೊ ಕಪ್ಪು: ಕಾಯುವುದನ್ನು ಕಲಿಯಿರಿ

ಮಿಂಚಿಗೂ ಫೋಟೊಕ್ಕೂ ಹೊಂದಾಣಿಕೆ ತಪ್ಪಿದಾಗ ಹೀಗಾಗುತ್ತದೆ. ಸರಿಯಾದ ಕ್ರಮ ಹೀಗಿದೆ. ಮೊದಲು 'ಪ್ರಿಕ್ಯಾಪ್ಚರ್ ಟ್ರಿಗರ್' ಕಳಿಸಿ. ಫೋನು ಒಂದು ಪುಟ್ಟ ಬೆಳಕು ಬಿಟ್ಟು, ಆ ಬೆಳಕಿನಲ್ಲಿ ದೃಶ್ಯ ಎಷ್ಟು ಬೆಳಗುತ್ತದೆ ಎಂದು ಅಳೆಯುತ್ತದೆ. ಎಕ್ಸ್‌ಪೋಶರ್ ಸ್ಥಿತಿ 'ಪ್ರಿಕ್ಯಾಪ್ಚರ್'ಗೆ ಹೋಗಿ, ಅಲ್ಲಿಂದ 'ಕನ್ವರ್ಜ್ಡ್' ಅಥವಾ 'ಫ್ಲ್ಯಾಶ್ ರಿಕ್ವೈರ್ಡ್'ಗೆ ಬರುವವರೆಗೂ ಕಾಯಿರಿ. ಆಮೇಲೆ ಫೋಟೊದ ಕೋರಿಕೆ ಕಳಿಸಿ. ಬಟನ್ ಒತ್ತಿದ ತಕ್ಷಣ ಫೋಟೊ ಕೋರಿಕೆ ಹಾಕಿಬಿಟ್ಟರೆ ಅಳತೆ ಮುಗಿದಿರುವುದಿಲ್ಲ, ಚಿತ್ರ ಕಪ್ಪಾಗುತ್ತದೆ ಇಲ್ಲವೇ ಸುಟ್ಟಂತೆ ಬೆಳ್ಳಗಾಗುತ್ತದೆ.

'ಲೆಗಸಿ' ಮಟ್ಟದ ಹಳೆಯ ಫೋನುಗಳಲ್ಲಿ ಎಕ್ಸ್‌ಪೋಶರ್ ಸ್ಥಿತಿ ಖಾಲಿಯಾಗಿ, ಅಂದರೆ 'ನಲ್' ಆಗಿ ಬರಬಹುದು. ಅದನ್ನೇ ಕಾಯುತ್ತ ಕೂತ ಆ್ಯಪ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. 'ನಲ್' ಬಂದರೆ ಮುಂದೆ ಹೋಗಲು ಬಿಡಿ, ಕಾಯುವಿಕೆಗೊಂದು ಗಡುವು ಇಡಿ.

ಫೋಟೊ ಬಂದ ಮೇಲೆ ಫಲಿತಾಂಶದಲ್ಲಿ 'ಫ್ಲ್ಯಾಶ್ ಸ್ಟೇಟ್' ಓದಿ. 'ಫೈರ್ಡ್' ಎಂದಿದ್ದು ಚಿತ್ರ ಕಪ್ಪಾಗಿದ್ದರೆ ಹೊಂದಾಣಿಕೆಯ ದೋಷ, ಇಲ್ಲವೇ ವಸ್ತು ದೂರವಿದೆ. 'ಅನ್‌ಅವೈಲಬಲ್' ಎಂದಿದ್ದರೆ ಕ್ಯಾಮೆರಾಕ್ಕೆ ಫ್ಲ್ಯಾಶೇ ದಕ್ಕಿಲ್ಲ. ಈ ಒಂದು ಮಾಹಿತಿಯನ್ನು ಲಾಗ್‌ನಲ್ಲಿ ಬರೆದಿಟ್ಟರೆ ಬೆಳ್ಳಟ್ಟಿಯಲ್ಲಿ ಕಪ್ಪಾದ ಫೋಟೊದ ಕಾರಣವನ್ನು ಬೆಂಗಳೂರಿನಲ್ಲಿ ಕೂತು ಹೇಳಬಹುದು.

7. ಹಳೆಯ ಕೋಡ್ ನಕಲು ಮಾಡಬೇಡಿ

ಹುಡುಕಿದಾಗ ಮೊದಲು ಸಿಗುವ ಉತ್ತರಗಳಲ್ಲಿ ಬಹಳಷ್ಟು ಹಳೆಯ 'ಕ್ಯಾಮೆರಾ' ಕ್ಲಾಸಿನವು. ಅದನ್ನು 2014ರ ಆಂಡ್ರಾಯ್ಡ್ 5ರಲ್ಲೇ ಬದಿಗಿಟ್ಟು ಕ್ಯಾಮೆರಾ2 ತಂದರು. 2021ರಲ್ಲಿ ಕ್ಯಾಮೆರಾಎಕ್ಸ್‌ನ ಮೊದಲ ಸ್ಥಿರ ಆವೃತ್ತಿ ಬಂತು. ವಿಶೇಷ ಕಾರಣವಿಲ್ಲದಿದ್ದರೆ ಕ್ಯಾಮೆರಾಎಕ್ಸ್ ಬಳಸಿ, ಅದೇ ನನ್ನ ಖಚಿತ ಅಭಿಪ್ರಾಯ. ಆರನೆಯ ಸೂತ್ರದ ಕಾಯುವ ಕೆಲಸವನ್ನೆಲ್ಲ ಅದು ತಾನೇ ಮಾಡುತ್ತದೆ. ಯಾವ ಫೋನಿನಲ್ಲಿ ಫ್ಲ್ಯಾಶ್ ಸರಿಯಾಗಿ ಕೂಡಿಬರುವುದಿಲ್ಲ ಎಂಬ ಪಟ್ಟಿಯೂ ಅದರೊಳಗಿದೆ. ಅಂಥ ಫೋನಿನಲ್ಲಿ ಮಿಂಚಿನ ಬದಲು ಟಾರ್ಚನ್ನೇ ಹಚ್ಚಿ ಫೋಟೊ ತೆಗೆಯುತ್ತದೆ. ಹಾಗಾಗಿ ಯಾವುದೋ ಒಂದು ಮಾಡೆಲ್‌ಗೆ ನಿಮ್ಮದೇ ತೇಪೆ ಹಾಕುವ ಮುಂಚೆ ಲೈಬ್ರರಿಯನ್ನು ಹೊಸ ಆವೃತ್ತಿಗೆ ತಂದು ನೋಡಿ.

8. ಬ್ಯಾಟರಿ, ಬಿಸಿಲು

ಬ್ಯಾಟರಿ ತೀರಾ ಇಳಿದಾಗ ಹಲವು ಫೋನುಗಳು ಫ್ಲ್ಯಾಶನ್ನು ತಾವೇ ತಡೆಯುತ್ತವೆ. ಬಿಸಿಯಾದಾಗಲೂ ಅಷ್ಟೇ. ಏಪ್ರಿಲ್, ಮೇ ಬಿಸಿಲಿನಲ್ಲಿ ಎರೆಹೊಲದ ಬದುವಿನ ಮೇಲೆ ನಿಂತವರ ಫೋನು ಬಿಸಿಯಾಗದೆ ಇರುತ್ತದೆಯೇ? ಇದು ನಿಮ್ಮ ಆ್ಯಪ್‌ನ ದೋಷವಲ್ಲ, ಆದರೆ ಸುಮ್ಮನಿರುವುದು ದೋಷ. ಐಫೋನಿನಲ್ಲಿ 'ಈಸ್ ಫ್ಲ್ಯಾಶ್ ಅವೈಲಬಲ್' ಕೇಳಿ. ಆಂಡ್ರಾಯ್ಡ್ 10ರಿಂದ ಫೋನಿನ ಬಿಸಿಯ ಮಟ್ಟ ತಿಳಿಸುವ ಲಿಸನರ್ ಇದೆ. "ಫೋನು ಬಿಸಿಯಾಗಿದೆ, ಸ್ವಲ್ಪ ಹೊತ್ತು ನೆರಳಿನಲ್ಲಿಡಿ" ಎಂದು ಕನ್ನಡದಲ್ಲಿ ಒಂದು ಸಾಲು ತೋರಿಸಿ.

9. ಫೋಟೊ ಬೆಳ್ಳಗಾದರೆ ಕೋಡಿಗಿಂತ ಮೊದಲು ಕವರ್ ನೋಡಿ

ಹಿಂದಿನ ಕವರಿನ ರಂಧ್ರ ಸರಿಯಾಗಿ ಕೂರದಿದ್ದರೆ ಫ್ಲ್ಯಾಶ್‌ನ ಬೆಳಕು ಕವರಿನೊಳಗೇ ಹರಿದು ಲೆನ್ಸಿಗೆ ಬಡಿಯುತ್ತದೆ. ಕ್ಯಾಮೆರಾದ ಮೇಲೆ ಅಂಟಿಸುವ ಗಾಜಿನ ರಕ್ಷಣೆಯೂ ಇದನ್ನೇ ಮಾಡುತ್ತದೆ. ಲೆನ್ಸಿನ ಮೇಲೆ ಎಣ್ಣೆ ಕೈ, ಹೊಲದ ಧೂಳು ಕೂತರಂತೂ ಚಿತ್ರದ ಮೇಲೆ ಮಂಜು ಕವಿದಂತಾಗುತ್ತದೆ. ಕವರ್ ತೆಗೆದು, ಲೆನ್ಸ್ ಒರೆಸಿ ಇನ್ನೊಂದು ಫೋಟೊ ತೆಗೆಯಲು ಹೇಳಿ.

ಎರಡನೆಯ ಕಾರಣ ಹೊಳಪು. ಲ್ಯಾಮಿನೇಶನ್ ಮಾಡಿಸಿದ ಆಧಾರ್ ಕಾರ್ಡನ್ನು ನೇರ ಮೇಲಿನಿಂದ ಫ್ಲ್ಯಾಶ್ ಹಾಕಿ ತೆಗೆದರೆ ಸಂಖ್ಯೆ ಇರಬೇಕಾದಲ್ಲಿ ಬಿಳಿ ಉಂಡೆ. ದಾಖಲೆ ತೆಗೆಯುವ ಪರದೆಯಲ್ಲಿ ಫ್ಲ್ಯಾಶ್ ಮೊದಲಿಗೇ ಆಫ್ ಇರಲಿ. ಬಾಗಿಲ ಬೆಳಕಿಗೆ ತರಲು, ಫೋನನ್ನು ಸ್ವಲ್ಪ ಓರೆ ಹಿಡಿಯಲು ಸೂಚನೆ ಕೊಡಿ. ಬೆಳಕು ಬೇಕೇ ಬೇಕೆಂದರೆ ಟಾರ್ಚ್. ಆಂಡ್ರಾಯ್ಡ್ 13ರಿಂದ, ಫೋನು ಒಪ್ಪಿದರೆ, ಟಾರ್ಚ್‌ನ ತೀವ್ರತೆಯನ್ನೂ ಇಳಿಸಬಹುದು. ಮೆಣಸಿನ ಗಿಡದ ಎಲೆಯದೂ ಇದೇ ಕಥೆ. ಮುಟುರು ರೋಗ ಬಂದ ಎಲೆಯ ಸುಕ್ಕು, ಎಲೆಯಡಿಯ ನುಸಿ ಕಾಣಬೇಕಾದರೆ ಮೃದುವಾದ ಬೆಳಕು ಬೇಕು. ನಯವಾದ ಎಲೆಯ ಮೇಲೆ ಫ್ಲ್ಯಾಶ್ ಬಿದ್ದರೆ ಹೊಳಪಷ್ಟೇ ಉಳಿಯುತ್ತದೆ, ರೋಗ ಗುರುತಿಸುವ ಮಾಡೆಲ್ ಆ ಬಿಳಿ ಮಚ್ಚೆಯನ್ನೇ ರೋಗವೆಂದು ತಿಳಿಯುವ ಅಪಾಯವೂ ಇದೆ. ಮೈಯಿಂದ ಎಲೆಗೆ ನೆರಳು ಮಾಡಿಕೊಂಡು ಹಗಲ ಬೆಳಕಿನಲ್ಲೇ ತೆಗೆಸಿ.

ದೂರದ ಲೆಕ್ಕವನ್ನೂ ಮರೆಯಬೇಡಿ. ಒಂದು ಮೀಟರಿನಲ್ಲಿ ಬೀಳುವ ಬೆಳಕು ಎರಡು ಮೀಟರಿಗೆ ಕಾಲು ಭಾಗ, ಮೂರು ಮೀಟರಿಗೆ ಒಂಬತ್ತನೆಯ ಒಂದು ಭಾಗ. ಗೋದಾಮಿನ ಆ ತುದಿಯ ಚೀಲಗಳನ್ನು ಈ ತುದಿಯಿಂದ ಬೆಳಗಿಸುವ ಕೋಡ್ ಯಾರೂ ಬರೆಯಲಾರರು.

10. ಟ್ಯೂಬ್‌ಲೈಟಿನ ಪಟ್ಟೆಗಳು

ನಮ್ಮ ವಿದ್ಯುತ್ತು 50 ಹರ್ಟ್ಸ್. ಟ್ಯೂಬ್‌ಲೈಟ್, ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಚಿತ್ರದಲ್ಲಿ ಅಡ್ಡ ಪಟ್ಟೆ ಬಂದರೆ ಜನ ಫ್ಲ್ಯಾಶನ್ನು ದೂರುತ್ತಾರೆ. 'ಆಂಟಿಬ್ಯಾಂಡಿಂಗ್' ಮೋಡನ್ನು ಆಟೊ ಅಥವಾ 50 ಹರ್ಟ್ಸ್‌ಗೆ ಇಡಿ. 60 ಎಂದಿರುವ ವಿದೇಶಿ ಮಾದರಿ ಕೋಡನ್ನು ಹಾಗೆಯೇ ತಂದಿದ್ದರೆ ಬದಲಿಸಿ.

11. ಮುಂದಿನ ಕ್ಯಾಮೆರಾಕ್ಕೆ ಪರದೆಯೇ ದೀಪ

ಮುಖ ಗುರುತಿಸುವ ಕೆಲಸಕ್ಕೆ ಮುಂದಿನ ಕ್ಯಾಮೆರಾ. ಅಲ್ಲಿ ಸಾಮಾನ್ಯವಾಗಿ ಎಲ್‌ಇಡಿ ಇಲ್ಲ. ಮನೆಯ ಒಳಕೋಣೆಯಲ್ಲಿ ಮಂಚದ ಮೇಲೆ ಕೂತ ಅಜ್ಜಿಯ ಮುಖ ತೆಗೆಯಬೇಕಾದಾಗ ಪರದೆಯನ್ನು ಪೂರ್ತಿ ಬೆಳ್ಳಗೆ ಮಾಡಿ, ಹೊಳಪನ್ನು ಗರಿಷ್ಠಕ್ಕೇರಿಸಿ, ಎಕ್ಸ್‌ಪೋಶರ್ ಹೊಂದಿಕೊಳ್ಳಲು ಕ್ಷಣಕಾಲ ಬಿಟ್ಟು ಫೋಟೊ ತೆಗೆಯಿರಿ. ಆಪಲ್ 2015ರ ಐಫೋನ್ 6ಎಸ್‌ನಲ್ಲಿ ತಂದದ್ದು ಇದನ್ನೇ. ಕ್ಯಾಮೆರಾಎಕ್ಸ್‌ನ 1.4 ಆವೃತ್ತಿಯಿಂದ 'ಸ್ಕ್ರೀನ್' ಎಂಬ ಫ್ಲ್ಯಾಶ್ ಮೋಡೇ ಇದೆ. ಕೆಲಸ ಮುಗಿದ ಮೇಲೆ ಹೊಳಪನ್ನು ಮೊದಲಿನ ಮಟ್ಟಕ್ಕೆ ಇಳಿಸಿ. ವಯಸ್ಸಾದವರ ಕಣ್ಣಿಗೆ ಬಿಳಿ ಬೆಳಕು ಹಠಾತ್ತನೆ ಬಡಿಯದಂತೆ "ಈಗ ಪರದೆ ಬೆಳಗುತ್ತದೆ" ಎಂದು ಮೊದಲೇ ಹೇಳಿ.

12. ಎಮ್ಯುಲೇಟರಿನಲ್ಲಿ ಎಲ್‌ಇಡಿ ಇಲ್ಲ

ಫ್ಲ್ಯಾಶ್‌ನ ಪರೀಕ್ಷೆ ಕೈಯಲ್ಲಿ ಹಿಡಿದ ಫೋನಿನಲ್ಲೇ ಆಗಬೇಕು. ದುಬಾರಿ ಫೋನೊಂದರಲ್ಲಿ ನಡೆದರೆ ಸಾಲದು. ನಿಮ್ಮ ಬಳಕೆದಾರರು ಹಿಡಿದಿರುವಂಥ ಅಗ್ಗದ, ಕೆಲವು ವರ್ಷ ಹಳೆಯ ಫೋನುಗಳನ್ನು ಮನೆಯವರಿಂದ, ಓಣಿಯವರಿಂದ ಕೇಳಿ ತನ್ನಿ. ಕೋಣೆಯ ಕಿಟಕಿ ಮುಚ್ಚಿ ಪೂರ್ತಿ ಕತ್ತಲೆಯಲ್ಲಿ, ಸಂಜೆಯ ಮಬ್ಬಿನಲ್ಲಿ, ನಡುಹಗಲಿನಲ್ಲಿ ನೋಡಿ. 'ಆಟೊ' ಮೋಡ್ ತಪ್ಪುವುದು ಹೆಚ್ಚಾಗಿ ಮಬ್ಬಿನಲ್ಲೇ. 'ಎಡಿಬಿ ಲಾಗ್‌ಕ್ಯಾಟ್' ತೆರೆದಿಡಿ, 'ಡಂಪ್‌ಸಿಸ್ ಮೀಡಿಯಾ.ಕ್ಯಾಮೆರಾ' ಆಜ್ಞೆ ಕೊಟ್ಟರೆ ಈ ಕ್ಷಣ ಕ್ಯಾಮೆರಾ ಯಾವ ಆ್ಯಪ್‌ನ ವಶದಲ್ಲಿದೆ ಎಂದು ತಿಳಿಯುತ್ತದೆ. ನಾಲ್ಕನೆಯ ಸೂತ್ರದ ಎಷ್ಟೋ ಜಗಳ ಅಲ್ಲಿಯೇ ಇತ್ಯರ್ಥವಾಗುತ್ತದೆ.

13. ಬೆಳಕು ಬೇಡದ ಜಾಗವೂ ಇದೆ

ಫ್ಲಟರ್‌ನ ಕ್ಯಾಮೆರಾ ಪ್ಲಗಿನ್‌ನಲ್ಲಿ ಫ್ಲ್ಯಾಶ್ ಮೊದಲಿಗೇ 'ಆಟೊ'. ನೀವು ಏನೂ ಹೇಳದಿದ್ದರೆ ಮಬ್ಬಿನಲ್ಲಿ ತಾನೇ ಮಿಂಚುತ್ತದೆ. ನಮ್ಮ ಪಕ್ಕದ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ; 2024ರ ಆರಂಭದಲ್ಲಿ ಆ ಕೆರೆ ರಾಮ್‌ಸಾರ್ ತಾಣವಾಯಿತು. ಅಲ್ಲಿ ಹಕ್ಕಿ ಎಣಿಸುವವರಿಗೆ ಆ್ಯಪ್ ಮಾಡುವುದಾದರೆ ಫ್ಲ್ಯಾಶನ್ನು ಕೋಡಿನಲ್ಲೇ ಆಫ್ ಮಾಡಿ. ನೂರಾರು ಅಡಿ ದೂರದ ಹಕ್ಕಿಗೆ ಆ ಬೆಳಕು ಮುಟ್ಟಿ ಚಿತ್ರ ಚೆಂದವಾಗುವುದಿಲ್ಲ, ದಡದ ಹತ್ತಿರವಿರುವವು ಬೆದರುವುದು ಮಾತ್ರ ನಿಜ. ಹಸುಗೂಸಿನ ಫೋಟೊ ತೆಗೆಯುವ ಅಂಗನವಾಡಿಯ ಕೆಲಸಕ್ಕೂ ಇದೇ ನಿಯಮ ಇರಲಿ.

14. ಫ್ಲ್ಯಾಶ್ ಇಲ್ಲದೆಯೂ ಕೆಲಸ ಮುಗಿಯಬೇಕು

ಮೇಲಿನದನ್ನೆಲ್ಲ ಪಾಲಿಸಿದರೂ ಒಂದಲ್ಲ ಒಂದು ಫೋನಿನಲ್ಲಿ ಫ್ಲ್ಯಾಶ್ ಹತ್ತುವುದಿಲ್ಲ. ಆಗ ನಿಮ್ಮ ಆ್ಯಪ್ ಏನು ಮಾಡುತ್ತದೆ? ಫೋಟೊ ಸ್ಪಷ್ಟವಿಲ್ಲವೆಂದು ಬಳಕೆದಾರರನ್ನು ಅದೇ ಪರದೆಯಲ್ಲಿ ಸುತ್ತಿಸುತ್ತದೆಯೇ? ಹಾಗೆ ಮಾಡಬೇಡಿ. ಬೇರೊಬ್ಬರ ಫೋನಿನ ಬೆಳಕು ಹಿಡಿದು ಮತ್ತೆ ತೆಗೆಯಲು ಹೇಳಿ. ಅಷ್ಟಕ್ಕೂ ಆಗದಿದ್ದರೆ ಬಂದ ಫೋಟೊವನ್ನೇ 'ಮಬ್ಬು' ಎಂಬ ಗುರುತಿನೊಡನೆ ಉಳಿಸಿಕೊಂಡು ಮುಂದೆ ಹೋಗಲು ಬಿಡಿ. ಪರಿಶೀಲನೆ ಆಮೇಲೆ ಮನುಷ್ಯರಿಂದ ಆಗಲಿ. ಆ ಫೋಟೊದ ಮೇಲೆ ಒಬ್ಬರ ದಿನಗೂಲಿ, ಇನ್ನೊಬ್ಬರ ಬೆಳೆ ಪರಿಹಾರ ನಿಂತಿರುತ್ತದೆ. ದೀಪದ ದೋಷಕ್ಕೆ ಅವರು ದಂಡ ತೆರಬಾರದು.

ಮುಂದಿನ ಆವೃತ್ತಿಯನ್ನು ಪ್ಲೇ ಸ್ಟೋರ್‌ಗೆ ಏರಿಸುವ ಮುಂಚೆ ಕೋಡಿನಲ್ಲಿ ಫ್ಲ್ಯಾಶನ್ನು ಪೂರ್ತಿ ಬಂದ್ ಮಾಡಿ, ಊರಿನಲ್ಲಿ ಸಿಗುವ ಅತಿ ಹಳೆಯ ಫೋನಿನಲ್ಲಿ, ಕತ್ತಲೆಯ ಕೋಣೆಯಲ್ಲಿ, ಮೊದಲ ಪರದೆಯಿಂದ ಕೊನೆಯ ಪರದೆಯವರೆಗೆ ಒಮ್ಮೆ ಕೆಲಸ ಮುಗಿಸಿ ನೋಡಿ. ಮುಗಿಯದಿದ್ದರೆ ದಯವಿಟ್ಟು ಏರಿಸಬೇಡಿ.